ಡಿವಿಡಿ ರೈಟ್ ಆಗುತ್ತಿಲ್ಲವೇ? ಸಾಫ್ಟ್‌ವೇರ್ ಬದಲಿಸುವ ಮೊದಲು ಇಷ್ಟು ನೋಡಿ

ಕಲಬುರಗಿಯ ನಮ್ಮ ಸ್ಟುಡಿಯೊಗೆ ಕೆಲವು ವಾರ ಫೋಟೊ ತೆಗೆಸಲು ಬರುವವರಿಗಿಂತ ಕೆಟ್ಟ ಡಿವಿಡಿ ಹಿಡಿದುಕೊಂಡು ಬರುವವರೇ ಹೆಚ್ಚು. ಪೆನ್‌ಡ್ರೈವ್ ಕಾಲದಲ್ಲಿ ಡಿವಿಡಿ ಯಾರಿಗೆ ಬೇಕು ಎಂದು ಕೇಳಬೇಡಿ. ಅಫಜಲಪುರದ ಕಾಕಾನ ಮನೆಯಲ್ಲಿ ಟಿವಿಯ ಕೆಳಗೆ ಇಂದಿಗೂ ಇರುವುದು ಡಿವಿಡಿ ಪ್ಲೇಯರ್. ಹೈಕೋರ್ಟ್ ಪೀಠದಲ್ಲಿ ಓಡಾಡುವ ವಕೀಲರಿಗೆ ಸಿಸಿಟಿವಿ ದೃಶ್ಯ ಡಿಸ್ಕಿನಲ್ಲಿಯೇ ಬೇಕಾಗುತ್ತದೆ. ಮಗಳ ಮದುವೆಯ ಹಳೆಯ ಕ್ಯಾಸೆಟ್ಟನ್ನು ಡಿವಿಡಿಗೆ ಇಳಿಸಿ ನಾಲ್ಕು ಮನೆಗೆ ಹಂಚಬೇಕು ಎನ್ನುವ ತಾಯಂದಿರಂತೂ ಇದ್ದೇ ಇದ್ದಾರೆ.

ಇವರೆಲ್ಲ ಮಾಡಿರುವ ತಪ್ಪು ಒಂದೇ. ಎರಡು ಡಿಸ್ಕ್ ಕೆಟ್ಟ ಕೂಡಲೇ ಸಾಫ್ಟ್‌ವೇರ್ ಬದಲಿಸುತ್ತಾರೆ. ಅದರಲ್ಲಿಯೂ ಎರಡು ಕೆಟ್ಟರೆ ಮೂರನೆಯದು. ನನ್ನ ಕೈಗೆ ಬಂದ ಪ್ರಕರಣಗಳಲ್ಲಿ ಸಾಫ್ಟ್‌ವೇರ್ ತಪ್ಪಿತಸ್ಥ ಆಗಿದ್ದದ್ದು ಬಹಳ ಅಪರೂಪ. ಕರೆಂಟ್, ಡಿಸ್ಕ್, ಲೆನ್ಸ್, ಕೇಬಲ್, ಫೈಲ್, ವೇಗ ಎಂಬ ಸಾಲಿನಲ್ಲಿ ಹುಡುಕಿದರೆ ಕಳ್ಳ ಸಿಗುತ್ತಾನೆ. ಸಾಲನ್ನು ಹಿಂದೆ ಮುಂದೆ ಮಾಡಬೇಡಿ, ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ಡಿಸ್ಕ್, ವೇಗ, ಕೇಬಲ್ ಮೂರನ್ನೂ ಒಟ್ಟಿಗೆ ಬದಲಿಸಿ ಕೆಲಸ ಸರಿಯಾದರೆ ಯಾವುದರಿಂದ ಸರಿಯಾಯಿತು ಎಂದು ತಿಳಿಯುವುದಿಲ್ಲ. ಮುಂದಿನ ತಿಂಗಳು ಮತ್ತೆ ಅದೇ ಗೋಳು.

ಹತ್ತಿರ ಇಟ್ಟುಕೊಳ್ಳಬೇಕಾದವು

ಎರಡು ಬೇರೆ ಬೇರೆ ತಯಾರಕರ ಖಾಲಿ ಡಿವಿಡಿ, ಐದೈದು ಸಾಕು. ಅಳಿಸಿ ಮತ್ತೆ ಬರೆಯಬಹುದಾದ ಡಿವಿಡಿ-ಆರ್‌ಡಬ್ಲ್ಯೂ ಒಂದು. ಡೆಸ್ಕ್‌ಟಾಪ್ ಆದರೆ ಡಿವಿಡಿ ಬರೆಯುವ ಡ್ರೈವನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ಹೆಚ್ಚುವರಿಯಾಗಿ ಒಂದು. ಕ್ಯಾಮೆರಾ ಒರೆಸುವ ಮೃದು ಬಟ್ಟೆ, ಗಾಳಿ ಊದುವ ರಬ್ಬರ್ ಬಲ್ಬ್, ಹತ್ತಿ ಸುತ್ತಿದ ಕಡ್ಡಿ, ಐಸೊಪ್ರೊಪೈಲ್ ಆಲ್ಕೋಹಾಲ್. ಅಡಿಪಟ್ಟಿ, ನೋಟ್‌ಬುಕ್, ಪೆನ್ನು. ಸಾಫ್ಟ್‌ವೇರ್ ವಿಚಾರದಲ್ಲಿ ವಿಂಡೋಸ್‌ಗೆ ಇಮ್ಗ್‌ಬರ್ನ್, ಲಿನಕ್ಸ್‌ಗೆ ಕೆ3ಬಿ ಸಾಕು, ಎರಡೂ ಉಚಿತ. ಇಮ್ಗ್‌ಬರ್ನ್‌ನ ಕೊನೆಯ ಆವೃತ್ತಿ ಬಂದದ್ದು 2013ರಲ್ಲಿ, ಆದರೂ ಕೆಲಸಕ್ಕೆ ಚ್ಯುತಿಯಿಲ್ಲ. ಹಾಕಿಕೊಳ್ಳುವಾಗ ಜೊತೆಗೆ ಅಂಟಿಕೊಂಡು ಬರುವ ಬೇಡದ ಪ್ರೋಗ್ರಾಂಗಳ ಟಿಕ್ ಗುರುತು ತೆಗೆಯಿರಿ.

1. ಕೆಟ್ಟ ಡಿಸ್ಕನ್ನು ಎಸೆಯುವ ಮೊದಲು ಓದಿ

ಒಬ್ಬ ವಕೀಲರ ಬಳಿ ಕೆಲಸ ಕಲಿಯುತ್ತಿರುವ ಹುಡುಗ ಪ್ಲಾಸ್ಟಿಕ್ ಚೀಲದಲ್ಲಿ ಹನ್ನೊಂದು ಕೆಟ್ಟ ಡಿಸ್ಕ್ ತಂದಿದ್ದ. "ಸರ್, ಸಾಫ್ಟ್‌ವೇರ್ ಒಂದು ಒಳ್ಳೆಯದು ಹಾಕಿಕೊಡಿ, ನಾಳೆ ಹಿಯರಿಂಗ್ ಇದೆ" ಎಂದ. ನಾನು ಹನ್ನೊಂದನ್ನೂ ಕಿಟಕಿಯ ಬೆಳಕಿಗೆ ಒಂದೊಂದಾಗಿ ಓರೆಯಾಗಿ ಹಿಡಿದೆ. ಬರೆಯಲ್ಪಟ್ಟ ಭಾಗದ ಬಣ್ಣ ಬರೆಯದ ಭಾಗಕ್ಕಿಂತ ತುಸು ಬೇರೆಯಾಗಿರುತ್ತದೆ. ಎರಡರ ನಡುವೆ ಬಳೆಯಂತೆ ಒಂದು ಗೆರೆ ಕಾಣುತ್ತದೆ. ಅವನ ಒಂದು ಡಿಸ್ಕಿನಲ್ಲಿ ಆ ಬಳೆ ನಡುವಿನ ತೂತಿನ ಹತ್ತಿರವೇ ಇತ್ತು, ಇನ್ನೊಂದರಲ್ಲಿ ಅರ್ಧಕ್ಕೆ, ಮತ್ತೊಂದರಲ್ಲಿ ಅಂಚಿನ ಬಳಿ. ಒಂದಕ್ಕೊಂದು ತಾಳೆಯೇ ಇಲ್ಲ. ಹುಡುಕಬೇಕಾದದ್ದು ಕರೆಂಟಿನಲ್ಲಿ ಎಂಬುದು ನನಗೆ ಅಷ್ಟರಲ್ಲೇ ಹೊಳೆಯಿತು.

ಡಿವಿಡಿಯ ಬರಹ ಒಳಗಿನಿಂದ ಹೊರಗೆ ಸಾಗುತ್ತದೆ. ಕೇಂದ್ರದಿಂದ 24 ಮಿ.ಮೀ. ದೂರದಲ್ಲಿ ಶುರುವಾಗಿ 58 ಮಿ.ಮೀ. ಹತ್ತಿರ ಮುಗಿಯುತ್ತದೆ. ಅಡಿಪಟ್ಟಿ ಇಟ್ಟು ಬಳೆಯ ದೂರ ಅಳೆದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಒಂದು ಎಚ್ಚರಿಕೆ: ಬರಹ ಅರ್ಧ ಅಗಲಕ್ಕೆ ಬಂದಿದ್ದರೆ ಅರ್ಧ ಕೆಲಸ ಆಗಿದೆ ಎಂದಲ್ಲ. ಹೊರಗಿನ ಸುತ್ತುಗಳು ದೊಡ್ಡವು, ಹೆಚ್ಚು ಹಿಡಿಯುತ್ತವೆ. ಅರ್ಧ ಅಗಲಕ್ಕೆ ಆಗಿರುವುದು ಸುಮಾರು ಶೇ 40 ಮಾತ್ರ.

ಈಗ ಬಳೆಗಳನ್ನು ಹೋಲಿಸಿ. ಏನೂ ಬರೆಯದೆ ಶೇ 0ರಲ್ಲಿಯೇ ನಿಂತಿದ್ದರೆ ಡ್ರೈವ್ ಆ ಡಿಸ್ಕಿಗೆ ಲೇಸರ್ ಹದ ಮಾಡಿಕೊಳ್ಳಲು ಸೋತಿದೆ: ಡಿಸ್ಕ್ ಅಥವಾ ಲೆನ್ಸ್ ನೋಡಿ. ಪ್ರತಿ ಸಲ ಒಂದೇ ಜಾಗದಲ್ಲಿ ನಿಂತಿದ್ದರೆ ಆ ಡಬ್ಬಿಯ ಡಿಸ್ಕುಗಳ ಮೇಲೆ, ಇಲ್ಲವೇ ಹಾರ್ಡ್ ಡಿಸ್ಕಿನಲ್ಲಿರುವ ಮೂಲ ಫೈಲಿನ ಮೇಲೆ ಅನುಮಾನ ಇಡಿ. ಮನಸ್ಸಿಗೆ ಬಂದಲ್ಲಿ ನಿಂತಿದ್ದರೆ ಕರೆಂಟ್, ಕೇಬಲ್, ಶಾಖ. ಪೂರ್ತಿ ಬರೆದು ಪರಿಶೀಲನೆಯ ಕೊನೆಯಲ್ಲಿ ಸೋತಿದ್ದರೆ ವೇಗ ಹೆಚ್ಚಾಯಿತು ಅಥವಾ ಡಿಸ್ಕಿನ ಅಂಚು ಕಳಪೆ.

ಪರದೆಯ ಮೇಲೆ ಬಂದ ಸಂದೇಶವನ್ನೂ ಮುಚ್ಚುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. "ಏನೋ ಎರರ್ ಬಂತು" ಎಂದರೆ ವೈದ್ಯರ ಬಳಿ ಹೋಗಿ "ಎಲ್ಲೋ ನೋವು" ಎಂದಂತೆ.

2. ಕರೆಂಟ್

ನಮ್ಮ ಕಡೆ ಬಹುಪಾಲು ಸಮಸ್ಯೆ ಇಲ್ಲಿಯೇ ಇರುತ್ತದೆ, ಆದರೆ ಯಾರೂ ನೋಡುವುದಿಲ್ಲ. ಕರೆಂಟ್ ಹೋದರೆ ಡಿಸ್ಕ್ ಕೆಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಕರೆಂಟ್ ಇದ್ದೂ ಕೆಡುತ್ತದೆ ಎಂಬುದು ಗೊತ್ತಿರುವುದಿಲ್ಲ.

ಲ್ಯಾಪ್‌ಟಾಪಿಗೆ ಹೊರಗಿನಿಂದ ಜೋಡಿಸುವ ತೆಳ್ಳನೆಯ ಡಿವಿಡಿ ರೈಟರ್ ತನಗೆ ಬೇಕಾದ ವಿದ್ಯುತ್ತನ್ನೆಲ್ಲ ಯುಎಸ್‌ಬಿ ಕೇಬಲ್ಲಿನಿಂದಲೇ ಎಳೆದುಕೊಳ್ಳಬೇಕು. ಯುಎಸ್‌ಬಿ 2.0 ಕಿಂಡಿ ನಿಯಮದ ಪ್ರಕಾರ ಕೊಡುವುದು 500 ಮಿಲಿ ಆಂಪಿಯರ್, 3.0 ಆದರೆ 900. ಓದುವಾಗ ಅಷ್ಟು ಸಾಲುತ್ತದೆ. ಬರೆಯುವಾಗ ಲೇಸರ್ ಪೂರ್ಣ ಶಕ್ತಿಯಲ್ಲಿ ಉರಿಯುತ್ತದೆ, ಮೋಟಾರು ಜೋರಾಗಿ ತಿರುಗುತ್ತದೆ. ಬೇಡಿಕೆ ಆ ಮಿತಿಯನ್ನು ಕ್ಷಣಕಾಲ ದಾಟುತ್ತದೆ. ಆಗ ಡ್ರೈವ್ "ಟಕ್" ಎಂದು ಸದ್ದು ಮಾಡಿ ಮತ್ತೆ ಮೊದಲಿನಿಂದ ತಿರುಗಲು ಶುರು ಮಾಡುತ್ತದೆ, ಕಂಪ್ಯೂಟರಿನಲ್ಲಿ ಅದರ ಗುರುತು ಒಂದು ಗಳಿಗೆ ಮಾಯವಾಗಿ ಮತ್ತೆ ಬರುತ್ತದೆ. ಈ ಲಕ್ಷಣ ಕಂಡರೆ ಬೇರೆ ಏನನ್ನೂ ಹುಡುಕಬೇಡಿ.

ಪರಿಹಾರ ಸುಲಭ. ಯುಎಸ್‌ಬಿ ಹಬ್ ತೆಗೆದುಬಿಡಿ. ಡೆಸ್ಕ್‌ಟಾಪಿನ ಮುಂದಿನ ಕಿಂಡಿ ಬಿಟ್ಟು ಮದರ್‌ಬೋರ್ಡಿನಲ್ಲಿಯೇ ಕೂತಿರುವ ಹಿಂದಿನ ಕಿಂಡಿಗೆ ಜೋಡಿಸಿ. ಕೇಬಲ್ ಗಿಡ್ಡವಿರಲಿ. ಡ್ರೈವಿನ ಜೊತೆ ಎರಡು ತಲೆಯ ಕೇಬಲ್ ಬಂದಿದ್ದರೆ ಎರಡನ್ನೂ ಚುಚ್ಚಿ. ಎರಡನೆಯದು ಅಲಂಕಾರಕ್ಕೆ ಕೊಟ್ಟದ್ದಲ್ಲ. ವಕೀಲರ ಹುಡುಗ ಡ್ರೈವನ್ನು ಹಬ್ಬಿಗೆ ಹಾಕಿದ್ದ, ಅದೇ ಹಬ್ಬಿನಲ್ಲಿ ಮೊಬೈಲ್ ಕೂಡ ಚಾರ್ಜ್ ಆಗುತ್ತಿತ್ತು. ಹಿಂದಿನ ಕಿಂಡಿಗೆ ಹಾಕಿದ ಮೇಲೆ ಹನ್ನೆರಡನೆಯ ಡಿಸ್ಕ್ ಸಲೀಸಾಗಿ ಮುಗಿಯಿತು, ಅವನ ಹಳೆಯ ಸಾಫ್ಟ್‌ವೇರ್‌ನಲ್ಲಿಯೇ.

ಇನ್ನು ಮನೆಯ ಇನ್ವರ್ಟರ್. ಕರೆಂಟ್ ಹೋಗಿ ಇನ್ವರ್ಟರ್ ಹಿಡಿಯುವ ನಡುವಿನ ಕ್ಷಣ ಫ್ಯಾನಿಗೆ ಲೆಕ್ಕಕ್ಕಿಲ್ಲ, ಕಂಪ್ಯೂಟರಿಗೆ ಅದು ಬಹಳ. ಅನೇಕ ಇನ್ವರ್ಟರುಗಳಲ್ಲಿ ಯುಪಿಎಸ್ ಮೋಡ್ ಎಂಬ ಸಣ್ಣ ಸ್ವಿಚ್ ಇರುತ್ತದೆ. ಅದನ್ನು ಹಾಕಿದರೆ ಬದಲಾವಣೆ ಬೇಗ ಆಗುತ್ತದೆ. ಡೆಸ್ಕ್‌ಟಾಪಿಗೆ ಪ್ರತ್ಯೇಕ ಯುಪಿಎಸ್ ಇದ್ದರೆ ಒಳ್ಳೆಯದು, ಆದರೆ ಬ್ಯಾಟರಿ ಸತ್ತ ಯುಪಿಎಸ್ ಇದ್ದೂ ಇಲ್ಲದಂತೆ. ಡಿಸ್ಕ್ ಹಾಕುವ ಮೊದಲು ಗೋಡೆಯ ಸ್ವಿಚ್ ಆರಿಸಿ, ಕಂಪ್ಯೂಟರ್ ಎರಡು ನಿಮಿಷ ನಿಲ್ಲುತ್ತದೆಯೇ ನೋಡಿ. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿರಲಿ, ಚಾರ್ಜರೂ ಹಾಕಿರಲಿ.

3. ಡಿಸ್ಕ್: ಮೇಲಿನ ಹೆಸರು ನಂಬಬೇಡಿ

ಖಾಲಿ ಡಿವಿಡಿಯ ಒಳಗೆ ತೆಳುವಾದ ಸಾವಯವ ಬಣ್ಣದ ಪದರವಿದೆ. ಲೇಸರ್ ಆ ಬಣ್ಣವನ್ನು ಚುಕ್ಕೆ ಚುಕ್ಕೆಯಾಗಿ ಕಾಯಿಸಿ ಗುರುತು ಮಾಡುತ್ತದೆ. ಬಿಸಿಲು ಮತ್ತು ಶಾಖ ಈ ಬಣ್ಣದ ಶತ್ರುಗಳು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಅಂಗಡಿಯ ಗಾಜಿನ ಕಪಾಟಿನಲ್ಲಿ ಬಿಸಿಲಿಗೆ ಮುಖಮಾಡಿ ಎರಡು ಬೇಸಿಗೆ ಕಳೆದ ಡಬ್ಬಿಯನ್ನು ರಿಯಾಯಿತಿ ದರಕ್ಕೆ ಕೊಟ್ಟರೂ ತರಬೇಡಿ. ಕೊಂಡ ಡಬ್ಬಿಯನ್ನು ಕಾರಿನಲ್ಲಿ ಬಿಟ್ಟು ಮದುವೆ ಊಟಕ್ಕೆ ಹೋಗಬೇಡಿ.

ಡಬ್ಬಿಯ ಮೇಲಿನ ಹೆಸರು ಒಬ್ಬರದು, ತಯಾರಿಸಿದವರು ಇನ್ನೊಬ್ಬರು ಎಂಬುದು ಈ ವ್ಯಾಪಾರದಲ್ಲಿ ಮಾಮೂಲು. ನಿಜವಾದ ತಯಾರಕರ ಸಂಕೇತ ಡಿಸ್ಕಿನ ಒಳಸುತ್ತಿನಲ್ಲಿಯೇ ಬರೆದಿರುತ್ತದೆ. ಖಾಲಿ ಡಿಸ್ಕ್ ಹಾಕಿ ಇಮ್ಗ್‌ಬರ್ನ್ ತೆರೆದರೆ ಬಲಬದಿಯಲ್ಲಿ ಡಿಸ್ಕ್ ಐಡಿ ಎಂದು ಕಾಣುತ್ತದೆ. ಎಂಸಿಸಿ ಎಂದು ಶುರುವಾದರೆ ಮಿತ್ಸುಬಿಷಿ ಕೆಮಿಕಲ್ಸ್, ಸಿಎಂಸಿ ಮ್ಯಾಗ್ ಎಂದಿದ್ದರೆ ತೈವಾನಿನ ಸಿಎಂಸಿ ಮ್ಯಾಗ್ನೆಟಿಕ್ಸ್, ಎಂಬಿಐ ಎಂದಿದ್ದರೆ ನಮ್ಮ ಮೋಸರ್ ಬೇರ್. ಮೋಸರ್ ಬೇರ್ ಕಂಪನಿಯನ್ನು ಸಮಾಪನಗೊಳಿಸಲು 2018ರಲ್ಲಿಯೇ ಆದೇಶವಾಗಿದೆ, ಆದ್ದರಿಂದ ಆ ಸಂಕೇತದ ಡಬ್ಬಿ ಸಿಕ್ಕರೆ ಎಷ್ಟು ವರ್ಷದ ಸರಕು ಎಂದು ಲೆಕ್ಕ ಹಾಕಿಕೊಳ್ಳಿ. ಒಂದು ಸಂಕೇತದ ಡಿಸ್ಕ್ ನಿಮ್ಮ ಡ್ರೈವಿನಲ್ಲಿ ಚೆನ್ನಾಗಿ ಬಂದರೆ ಅದನ್ನು ಬರೆದಿಟ್ಟುಕೊಳ್ಳಿ; ಮುಂದಿನ ಸಲ ಹೆಸರಿನ ಬದಲು ಸಂಕೇತ ನೋಡಿ ಕೊಳ್ಳಬಹುದು.

ಹಾಕುವ ಮೊದಲು ಕಣ್ಣಿನಿಂದ ನೋಡಿ. ಬಣ್ಣ ಅಂಚಿನವರೆಗೆ ಒಂದೇ ಸಮನಾಗಿ ಹರಡಿರಬೇಕು. ಅಂಚಿನಲ್ಲಿ ಗುಳ್ಳೆ, ಮೋಡದಂತಹ ಮಬ್ಬು, ಬಣ್ಣ ತಲುಪದ ಖಾಲಿ ಜಾಗ ಕಂಡರೆ ಆ ಡಿಸ್ಕ್ ಚಹಾದ ಲೋಟ ಇಡಲು ಸರಿ. ಬೆರಳಚ್ಚು ಇದ್ದರೆ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ತಟ್ಟೆ ಒರೆಸಿದಂತೆ ಸುತ್ತ ಒರೆಸಿದರೆ ಬೀಳುವ ಗೀರು ಬರಹದ ದಿಕ್ಕಿನಲ್ಲಿಯೇ ಬಿದ್ದು ಉದ್ದಕ್ಕೂ ಮಾಹಿತಿ ನುಂಗುತ್ತದೆ.

ಖಾಲಿ ಡಿಸ್ಕ್ ಮೈನಸ್ಸೋ (ಡಿವಿಡಿ-ಆರ್) ಪ್ಲಸ್ಸೋ (ಡಿವಿಡಿ+ಆರ್) ಎಂಬ ಪ್ರಶ್ನೆಗೆ ಚುಟುಕು ಉತ್ತರ: ಹಳೆಯ ಪ್ಲೇಯರಿಗೆ ಡಿವಿಡಿ-ಆರ್ ಕೊಡಿ. ಮನೆಯಲ್ಲಿ ಡಿವಿಡಿ+ಆರ್ ಮಾತ್ರ ಇದ್ದರೆ, ನಿಮ್ಮ ಡ್ರೈವ್ ಒಪ್ಪುವುದಾದರೆ, ಇಮ್ಗ್‌ಬರ್ನ್‌ನಲ್ಲಿ ಬುಕ್ ಟೈಪನ್ನು, ಅಂದರೆ ಡಿಸ್ಕ್ ಯಾವ ಬಗೆಯದು ಎಂದು ಪ್ಲೇಯರಿಗೆ ಹೇಳುವ ಗುರುತನ್ನು, ಡಿವಿಡಿ-ರಾಮ್ (DVD-ROM) ಎಂದು ಬದಲಿಸಿ ಬರೆಯಿರಿ. ಎಷ್ಟೋ ಪ್ಲೇಯರುಗಳು ಆಗ ತಕರಾರಿಲ್ಲದೆ ಓದುತ್ತವೆ. 8.5 ಜಿಬಿಯ ಎರಡು ಪದರದ ಡಿಸ್ಕನ್ನು ಸಮಸ್ಯೆ ಬಗೆಹರಿಯುವವರೆಗೆ ಮುಟ್ಟಬೇಡಿ. ಒಂದು ಪದರವೇ ಸರಿಯಾಗಿ ಬರೆಯದ ಡ್ರೈವ್ ಎರಡನೆಯ ಪದರವನ್ನು ಉದ್ಧಾರ ಮಾಡುವುದಿಲ್ಲ.

4. ಧೂಳು ಮತ್ತು ಲೆನ್ಸ್

ಶಹಾಬಾದ್ ಕಲ್ಲು ಕೊಯ್ಯುವ ಊರು, ತೊಗರಿ ಬೇಳೆ ಮಾಡುವ ಊರು, ಸುತ್ತ ಸಿಮೆಂಟ್ ಕಾರ್ಖಾನೆ. ಇಲ್ಲಿ ಧೂಳಿಗೆ ಬರವಿಲ್ಲ. ಡ್ರೈವಿನ ಲೆನ್ಸ್ ಹೆಸರುಕಾಳಿನಷ್ಟು ದೊಡ್ಡದು, ಆಕಾಶ ನೋಡುತ್ತ ಕೂತಿರುತ್ತದೆ. ಧೂಳು ಕೂತರೆ ಓದುವುದು ನಡೆದೀತು, ಬರೆಯುವುದು ನಡೆಯುವುದಿಲ್ಲ.

ಪ್ರತಿ ಸಲ ಬರಹ ಶುರುವಾಗುವ ಮೊದಲು ಡ್ರೈವ್ ಡಿಸ್ಕಿನ ಒಳಸುತ್ತಿನಲ್ಲಿ ಲೇಸರ್ ಹೆಚ್ಚು ಕಡಿಮೆ ಮಾಡಿ ನೋಡಿ ಹದ ಹಿಡಿಯುತ್ತದೆ. ಹದ ಸಿಗದಿದ್ದರೆ "ಪವರ್ ಕ್ಯಾಲಿಬ್ರೇಷನ್ ಏರಿಯಾ ಎರರ್" ಬರುತ್ತದೆ. ಪವರ್ ಎಂಬ ಪದ ನೋಡಿ ಕರೆಂಟ್ ಎಂದುಕೊಳ್ಳಬೇಡಿ; ಅದು ಲೇಸರಿನ ಶಕ್ತಿಯ ಮಾತು. ಬೇರೆ ಸಂಕೇತದ ಡಿಸ್ಕ್ ಹಾಕಿದಾಗ ಈ ಸಂದೇಶ ಹೋದರೆ ತಪ್ಪು ಡಿಸ್ಕಿನದು. ಎರಡೂ ಬಗೆಯ ಡಿಸ್ಕಿಗೆ ಬಂದರೆ ಲೆನ್ಸ್ ಶುಚಿಗೊಳಿಸಿ.

ತೆಳ್ಳನೆಯ ಡ್ರೈವಿನಲ್ಲಿ ಟ್ರೇ ಹೊರಗೆ ಬಂದಾಗ ಲೆನ್ಸ್ ಅದರ ಮೇಲೆಯೇ ಕಾಣುತ್ತದೆ. ಕೇಬಲ್ ಬಿಚ್ಚಿ, ಐದು ನಿಮಿಷ ಬಿಟ್ಟು ಶುರು ಮಾಡಿ. ಮೊದಲು ರಬ್ಬರ್ ಬಲ್ಬಿನಿಂದ ಗಾಳಿ ಊದಿ; ಬಾಯಿಂದ ಊದಿದರೆ ಉಗುಳಿನ ಹನಿ ಬೀಳುತ್ತದೆ. ಅಷ್ಟರಿಂದಲೇ ಸರಿಯಾದರೆ ಮುಂದೆ ಹೋಗಬೇಡಿ. ಆಗದಿದ್ದರೆ ಹತ್ತಿಯ ಕಡ್ಡಿಯನ್ನು ಆಲ್ಕೋಹಾಲಿನಲ್ಲಿ ಅದ್ದಿ, ಹಿಂಡಿದಂತೆ ಮಾಡಿ, ಲೆನ್ಸಿನ ಮೇಲೆ ನೋವಾಗದ ಹಾಗೆ ಒಂದು ಸುತ್ತು ತಿರುಗಿಸಿ. ಲೆನ್ಸ್ ಕೂದಲೆಳೆಯಂತಹ ತಂತಿಗಳ ಮೇಲೆ ತೂಗುತ್ತಿರುತ್ತದೆ. ಒತ್ತಿದರೆ ಡ್ರೈವ್ ಕಥೆ ಮುಗಿಯಿತು. ಒಣಗಲು ಹತ್ತು ನಿಮಿಷ ಬಿಡಿ. ಡೆಸ್ಕ್‌ಟಾಪ್ ಡ್ರೈವಿನ ಲೆನ್ಸ್ ಪೆಟ್ಟಿಗೆಯ ಒಳಗಿರುತ್ತದೆ, ಸ್ಕ್ರೂ ಬಿಚ್ಚಿದ ಅನುಭವ ಇಲ್ಲದಿದ್ದರೆ ಬೇಡ. ಬ್ರಷ್ ಅಂಟಿಸಿದ ಕ್ಲೀನಿಂಗ್ ಡಿಸ್ಕುಗಳು ನನಗೆ ಒಗ್ಗುವುದಿಲ್ಲ. ಧೂಳಿನ ಜೊತೆ ಲೆನ್ಸಿಗೂ ಪೊರಕೆ ಹೊಡೆದಂತೆ ಅದು.

ಸಿಡಿ ಚೆನ್ನಾಗಿ ಬರೆದು ಡಿವಿಡಿ ಮಾತ್ರ ಕೆಡುತ್ತಿದ್ದರೆ ಶುಚಿಗೊಳಿಸುವುದರಿಂದ ಹೆಚ್ಚು ನಿರೀಕ್ಷಿಸಬೇಡಿ. ಸಿಡಿಗೆ 780 ನ್ಯಾನೊಮೀಟರಿನ ಲೇಸರ್, ಡಿವಿಡಿಗೆ 650ರದ್ದು. ಎರಡರಲ್ಲಿ ಒಂದು ಮೊದಲು ಸೊರಗುವುದು ಸಹಜ.

5. ಕೇಬಲ್ ಮತ್ತು ಕಂಪ್ಯೂಟರ್

ಡೆಸ್ಕ್‌ಟಾಪಿನ ಸಾಟಾ ಕೇಬಲ್ ಎರಡೂ ತುದಿ ಬಿಚ್ಚಿ ಮತ್ತೆ ಗಟ್ಟಿಯಾಗಿ ಚುಚ್ಚಿ, ಆಗದಿದ್ದರೆ ಕೇಬಲ್ ಬದಲಿಸಿ. "ಐ/ಒ ಎರರ್" (ಮಾಹಿತಿ ಹೋಗಿ ಬರುವ ದಾರಿಯಲ್ಲಿ ತೊಂದರೆ) ಎಂಬ ಸಂದೇಶ ಪದೇ ಪದೇ ಬಂದರೆ ಇದನ್ನು ಮೊದಲು ನೋಡಬೇಕು.

ಪೆನ್‌ಡ್ರೈವ್, ಮೆಮೊರಿ ಕಾರ್ಡ್ ಅಥವಾ ಮೊಬೈಲಿನಿಂದ ನೇರವಾಗಿ ಡಿಸ್ಕಿಗೆ ಬರೆಯಬೇಡಿ. ಎಲ್ಲವನ್ನೂ ಮೊದಲು ಕಂಪ್ಯೂಟರಿನ ಹಾರ್ಡ್ ಡಿಸ್ಕಿಗೆ ನಕಲಿಸಿ. ಡಿವಿಡಿಯ 1 ಎಕ್ಸ್ ವೇಗ ಎಂದರೆ ಸೆಕೆಂಡಿಗೆ ಸುಮಾರು 1.385 ಎಂಬಿ, 8 ಎಕ್ಸ್ ಆದರೆ 11 ಎಂಬಿ. ಹಳೆಯ ಪೆನ್‌ಡ್ರೈವ್ ಅಷ್ಟನ್ನು ಒಂದೇ ಸಮನೆ ಕೊಡಲಾರದೆ ಏದುಸಿರು ಬಿಡುತ್ತದೆ. ಇಂದಿನ ಡ್ರೈವುಗಳಲ್ಲಿ ಮಾಹಿತಿ ತಡವಾದರೆ ನಿಂತು ಮತ್ತೆ ಮುಂದುವರಿಸುವ ರಕ್ಷಣೆ ಇದೆ ನಿಜ, ಆದರೆ ಹಾಗೆ ಹತ್ತು ಸಲ ನಿಂತು ನಡೆದ ಡಿಸ್ಕಿನಲ್ಲಿ ಹತ್ತು ತೇಪೆ ಇರುತ್ತವೆ. ಬರೆಯುವಾಗ ಇಮ್ಗ್‌ಬರ್ನ್ ಕೆಳಗೆ ತೋರಿಸುವ ಬಫರ್ ಪಟ್ಟಿ, ಅಂದರೆ ಬರೆಯಲು ಸಿದ್ಧವಾಗಿ ಕಾಯುತ್ತಿರುವ ಮಾಹಿತಿಯ ಅಳತೆ, ತುಂಬಿಯೇ ಇರಬೇಕು. ಅದು ಮತ್ತೆ ಮತ್ತೆ ಕುಸಿಯುತ್ತಿದ್ದರೆ ಹಾರ್ಡ್ ಡಿಸ್ಕ್ ಬೇರೆಡೆ ದುಡಿಯುತ್ತಿದೆ ಎಂದರ್ಥ.

ಆಂಟಿವೈರಸ್ ಸ್ಕ್ಯಾನ್, ವಿಂಡೋಸ್ ಅಪ್‌ಡೇಟ್, ವಿಡಿಯೊ ರೆಂಡರ್ ಎಲ್ಲ ನಿಲ್ಲಿಸಿ. ಪವರ್ ಸೆಟ್ಟಿಂಗಿನಲ್ಲಿ ಸ್ಲೀಪ್ ಅನ್ನು ಆಫ್ ಮಾಡಿ.

6. ಫೈಲ್ ತಯಾರಿ

ಡಿಸ್ಕ್ ಸರಿಯಾಗಿ ಬರೆದಿದ್ದರೂ ಕಾಕಾನ ಪ್ಲೇಯರ್ "ನೋ ಡಿಸ್ಕ್" ಎನ್ನುತ್ತದೆ ಎಂಬ ದೂರಿನ ಮೂಲ ಇಲ್ಲಿದೆ.

ಖಾಲಿ ಡಿಸ್ಕ್ ಹಾಕಿದಾಗ ವಿಂಡೋಸ್ ಎರಡು ಆಯ್ಕೆ ಕೇಳುತ್ತದೆ: ಯುಎಸ್‌ಬಿ ಫ್ಲಾಶ್ ಡ್ರೈವಿನಂತೆ ಬಳಸುವುದೋ, ಸಿಡಿ/ಡಿವಿಡಿ ಪ್ಲೇಯರಿನೊಂದಿಗೆ ಬಳಸುವುದೋ. ಎಲ್ಲರೂ ಮೊದಲನೆಯದನ್ನೇ ಒತ್ತುತ್ತಾರೆ. ಅದು ಕಂಪ್ಯೂಟರುಗಳ ನಡುವಿನ ವ್ಯವಹಾರಕ್ಕೆ. ಮನೆಯ ಪ್ಲೇಯರಿಗೆ ಆ ಭಾಷೆ ತಿಳಿಯುವುದಿಲ್ಲ. ಯಾವಾಗಲೂ ಎರಡನೆಯದು.

ಎಂಪಿ4 ಫೈಲನ್ನು ಹಾಗೆಯೇ ಡಿಸ್ಕಿಗೆ ಹಾಕಿದರೆ ಅದು ಡೇಟಾ ಡಿಸ್ಕ್. ಸಾಧಾರಣ ಡಿವಿಡಿ ಪ್ಲೇಯರಿಗೆ ಬೇಕಾದದ್ದು ಡಿವಿಡಿ-ವಿಡಿಯೊ: ಎಂಪೆಗ್-2 ದೃಶ್ಯ, ನಮ್ಮ ದೇಶದ ಪ್ಯಾಲ್ ಪದ್ಧತಿಯಲ್ಲಿ 720×576, ಸೆಕೆಂಡಿಗೆ 25 ಚೌಕಟ್ಟು (ಫ್ರೇಮ್), 48 ಕಿಲೊಹರ್ಟ್ಸ್ ಧ್ವನಿ, ಇಷ್ಟೂ ವಿಡಿಯೊ_ಟಿಎಸ್ ಎಂಬ ಫೋಲ್ಡರಿನಲ್ಲಿ. ಡಿವಿಡಿ ಸ್ಟೈಲರ್ ಎಂಬ ಉಚಿತ ಸಾಫ್ಟ್‌ವೇರ್ ಈ ಕೆಲಸ ಮಾಡಿಕೊಡುತ್ತದೆ. ಮೊಬೈಲಿನ ದೃಶ್ಯ ಸಾಮಾನ್ಯವಾಗಿ 30ರ ಆಸುಪಾಸಿನ ಏರಿಳಿಯುವ ಚೌಕಟ್ಟಿನಲ್ಲಿರುತ್ತದೆ. ಅದನ್ನು ಮೊದಲೇ ಎಡಿಟಿಂಗಿನಲ್ಲಿ 25ಕ್ಕೆ ಸ್ಥಿರ ಮಾಡಿಕೊಳ್ಳಿ, ಇಲ್ಲದಿದ್ದರೆ ಅರ್ಧ ಗಂಟೆ ಕಳೆಯುವಷ್ಟರಲ್ಲಿ ಭಟ್ಟರ ಬಾಯಿ ಒಂದು ಕಡೆ, ಮಂತ್ರ ಇನ್ನೊಂದು ಕಡೆ.

ಅಳತೆಯಲ್ಲಿಯೂ ಮೋಸ ಹೋಗುವವರಿದ್ದಾರೆ. ಡಬ್ಬಿಯ ಮೇಲೆ 4.7 ಜಿಬಿ ಎಂದಿರುತ್ತದೆ, ವಿಂಡೋಸ್ ಲೆಕ್ಕದಲ್ಲಿ ಅದು 4.37ರ ಸುಮಾರು. ನೀವು 4.2 ದಾಟಬೇಡಿ. ಡಿಸ್ಕಿನ ಹೊರ ಅಂಚು ಅದರ ಅತ್ಯಂತ ದುರ್ಬಲ ಭಾಗ; ಅಲ್ಲಿಗೆ ಹೋಗದಿದ್ದರೆ ಅರ್ಧ ತೊಂದರೆ ತಪ್ಪಿತು. ಎರಡು ಗಂಟೆಯ ಮದುವೆಗೆ ಸೆಕೆಂಡಿಗೆ ಸುಮಾರು 4.5 ಮೆಗಾಬಿಟ್ ದೃಶ್ಯದ ದರ ಸಿಗುತ್ತದೆ, ನೋಡಲು ಚೆನ್ನಾಗಿರುತ್ತದೆ. ಮೂರು ಗಂಟೆಯದ್ದನ್ನು ಒಂದೇ ಡಿಸ್ಕಿಗೆ ತುರುಕಿದರೆ ದರ 3ರ ಹತ್ತಿರಕ್ಕೆ ಇಳಿದು ವಧುವಿನ ರೇಷ್ಮೆ ಸೀರೆಯ ಜರಿ ಚೌಕ ಚೌಕವಾಗಿ ಒಡೆಯುತ್ತದೆ. ಎರಡು ಡಿಸ್ಕ್ ಮಾಡಿ.

ಡೇಟಾ ಡಿಸ್ಕಿನಲ್ಲಿ 4 ಜಿಬಿಗಿಂತ ದೊಡ್ಡದಾದ ಒಂದೇ ಫೈಲ್ ಇದ್ದರೆ ಫೈಲ್ ಸಿಸ್ಟಮ್ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸುವ ಪದ್ಧತಿ) ಯುಡಿಎಫ್ ಆಗಿರಲಿ. ಫೈಲಿನ ಹೆಸರುಗಳನ್ನು ಗಿಡ್ಡದಾಗಿ ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲಿ ಇಡಿ. ಕನ್ನಡದಲ್ಲಿ ಹೆಸರಿಡುವ ಆಸೆ ನನಗೂ ಇದೆ, ಆದರೆ ಹಳೆಯ ಪ್ಲೇಯರ್ ಅದನ್ನು ಡಬ್ಬಿಗಳ ಸಾಲಾಗಿ ತೋರಿಸುತ್ತದೆ.

7. ಐಎಸ್ಒ ಮಾಡಿ, ಆಮೇಲೆ ಬರೆಯಿರಿ

ಫೋಲ್ಡರಿನಿಂದ ನೇರವಾಗಿ ಡಿಸ್ಕಿಗೆ ಹೋಗಬೇಡಿ. ಮೊದಲು ಹಾರ್ಡ್ ಡಿಸ್ಕಿನಲ್ಲಿ ಐಎಸ್ಒ ಫೈಲ್, ಅಂದರೆ ಇಡೀ ಡಿಸ್ಕಿನ ಪಡಿಯಚ್ಚನ್ನು ಒಂದೇ ಫೈಲಾಗಿ ಮಾಡಿ. ಇದಕ್ಕೆ ಐದು ನಿಮಿಷ ಹೆಚ್ಚು ಹಿಡಿಯುತ್ತದೆ, ಆದರೆ ದೊಡ್ಡ ಲಾಭವಿದೆ: ಐಎಸ್ಒ ಮಾಡುವಾಗಲೇ ಸೋತರೆ ಮೂಲ ಫೈಲ್ ಕೆಟ್ಟಿದೆ ಎಂದು ಡಿಸ್ಕ್ ದಂಡ ಮಾಡದೆಯೇ ತಿಳಿಯಿತು. ಆದ ಐಎಸ್ಒ ಅನ್ನು ವಿಎಲ್‌ಸಿಯಲ್ಲಿ ತೆರೆದು ಆರಂಭ, ನಡುವೆ, ಕೊನೆ ನೋಡಿ.

ಮೊದಲ ಪ್ರತಿ ಡಿವಿಡಿ-ಆರ್‌ಡಬ್ಲ್ಯೂ ಮೇಲೆ. ಅದು ಓಡಿದರೆ ಫೈಲ್ ಸರಿ, ಕೇಬಲ್ ಸರಿ, ಕರೆಂಟ್ ಸರಿ ಎಂದಾಯಿತು. ನಂತರವೇ ಒಳ್ಳೆಯ ಡಿಸ್ಕ್.

ವೇಗದ ಬಗ್ಗೆ ಎರಡು ಅತಿಗಳಿವೆ. "ಮ್ಯಾಕ್ಸ್" ಎಂದು ಬಿಟ್ಟು 16 ಎಕ್ಸ್‌ನಲ್ಲಿ ಹೊಡೆಯುವವರು ಒಂದು ಕಡೆ. ನಿಧಾನವಾದಷ್ಟೂ ಒಳ್ಳೆಯದು ಎಂದು ಅತಿ ಕಡಿಮೆ ವೇಗಕ್ಕೆ ಇಳಿಸುವವರು ಇನ್ನೊಂದು ಕಡೆ. 16 ಎಕ್ಸ್ ಡಿಸ್ಕಿನ ಬಣ್ಣ ವೇಗದ ಬರಹಕ್ಕೆ ಹದ ಮಾಡಿದ್ದು. ತೀರಾ ನಿಧಾನವಾದರೆ ಅಲ್ಲಿಯೂ ಗುಣಮಟ್ಟ ಇಳಿಯಬಹುದು. ನಾನು 16 ಎಕ್ಸ್ ಡಿಸ್ಕನ್ನು 8ರಲ್ಲಿ ಬರೆಯುತ್ತೇನೆ, ಅದು ಕೆಟ್ಟರೆ ಮಾತ್ರ 4. 8ರಲ್ಲಿ ಪೂರ್ತಿ ಡಿಸ್ಕಿಗೆ ಎಂಟರಿಂದ ಹತ್ತು ನಿಮಿಷ, 4ರಲ್ಲಿ ಹದಿನೈದು. ಈ ಐದಾರು ನಿಮಿಷ ಉಳಿಸಿ ಯಾರೂ ಶ್ರೀಮಂತರಾದದ್ದನ್ನು ನಾನು ಕಂಡಿಲ್ಲ.

ಇಮ್ಗ್‌ಬರ್ನ್‌ನಲ್ಲಿ ಐಎಸ್ಒ ಆರಿಸಿ, ವೇಗ ಹಾಕಿ, ವೆರಿಫೈ (ಬರೆದದ್ದನ್ನು ಮತ್ತೆ ಓದಿ ತಾಳೆ ನೋಡುವುದು) ಎಂಬಲ್ಲಿ ಟಿಕ್ ಇದೆಯೇ ನೋಡಿ, ಶುರು ಮಾಡಿ. ಡಿಸ್ಕನ್ನು ಮುಚ್ಚುವ, ಅಂದರೆ ಫೈನಲೈಸ್ ಮಾಡುವ ಆಯ್ಕೆ ಬೇರೆ ಸಾಫ್ಟ್‌ವೇರ್‌ಗಳಲ್ಲಿ ಪ್ರತ್ಯೇಕವಾಗಿದ್ದರೆ ಅದನ್ನೂ ಹಾಕಿ; ಮುಚ್ಚದ ಡಿಸ್ಕನ್ನು ಪ್ಲೇಯರ್ ಒಪ್ಪುವುದಿಲ್ಲ. ಶೇ 100 ಆದ ಮೇಲೂ ಒಂದೆರಡು ನಿಮಿಷ ಡ್ರೈವ್ ಸುಮ್ಮನೆ ಗುನುಗುತ್ತದೆ, ಅದು ಮುಚ್ಚುವ ಕೆಲಸ. ನಿಂತುಹೋಯಿತು ಎಂದು ಗಾಬರಿಯಾಗಿ ಟ್ರೇ ಗುಂಡಿ ಒತ್ತಿ ಕೆಡಿಸಿಕೊಂಡವರು ಬಹಳ ಜನ.

ಡ್ರೈವ್ ಇರುವ ಮೇಜಿನ ಮೇಲೆ ಮಿಕ್ಸರ್ ಓಡಿಸಬೇಡಿ, ಮಕ್ಕಳನ್ನು ಹತ್ತಿಸಬೇಡಿ. ಬೇಸಿಗೆಯಲ್ಲಿ ಬೆಳಗ್ಗೆ ಒಂಬತ್ತರೊಳಗೆ ಈ ಕೆಲಸ ಮುಗಿಸಿ. ಮಧ್ಯಾಹ್ನ ಮಾಡಲೇಬೇಕಾದರೆ ಎರಡು ಡಿಸ್ಕಿನ ನಡುವೆ ಹದಿನೈದು ನಿಮಿಷ ಡ್ರೈವ್ ತಣಿಯಲು ಬಿಡಿ. ಮೊದಲ ಡಿಸ್ಕ್ ಸರಿಯಾಗಿ, ಮೂರನೆಯದು ಕೆಟ್ಟು, ಮರುದಿನ ಬೆಳಗ್ಗೆ ಮತ್ತೆ ಸರಿಯಾದರೆ ಅದು ಶಾಖದ ಆಟವೇ.

8. ಪರಿಶೀಲನೆ

ವೆರಿಫೈ ಮುಗಿದರೆ ಸಾಲದು. ಡಿಸ್ಕನ್ನು ತೆಗೆದು, ಮತ್ತೆ ಹಾಕಿ, ಪೂರ್ತಿಯನ್ನು ಹಾರ್ಡ್ ಡಿಸ್ಕಿನ ಹೊಸ ಫೋಲ್ಡರಿಗೆ ನಕಲಿಸಿ. ನಕಲಿಸುವ ವೇಗ ಸರಾಗವಾಗಿ ಸಾಗಬೇಕು. ಶೇ 80ರ ನಂತರ ಡ್ರೈವ್ ನಿಂತು ನಿಂತು, ಮತ್ತೆ ಮತ್ತೆ ತಿರುಗಿ ಓದುತ್ತಿದ್ದರೆ ಆ ಡಿಸ್ಕ್ ಇಂದು ಪಾಸಾಗಿದೆ, ನಾಳೆ ಫೇಲಾಗಬಹುದು. ಕಡಿಮೆ ವೇಗದಲ್ಲಿ ಅಥವಾ ಬೇರೆ ಡಿಸ್ಕಿನಲ್ಲಿ ಮತ್ತೆ ಬರೆಯಿರಿ. "ಸೈಕ್ಲಿಕ್ ರಿಡಂಡೆನ್ಸಿ ಚೆಕ್" (ಓದಿದ ಮಾಹಿತಿ ತಾಳೆಯಾಗಲಿಲ್ಲ) ಎಂಬ ಸಂದೇಶ ಬಂದರೆ ಪ್ರಶ್ನೆಯೇ ಇಲ್ಲ, ಆ ಡಿಸ್ಕ್ ಕೊಡಬೇಡಿ.

ಇದನ್ನು ಬರೆದ ಡ್ರೈವಿನಲ್ಲಿ ಮಾತ್ರ ನೋಡಿ ಬಿಡಬೇಡಿ. ತಾನು ಬರೆದದ್ದನ್ನು ತಾನು ಓದಿಕೊಳ್ಳುವುದು ಎಲ್ಲರಿಗೂ ಸುಲಭ. ಇನ್ನೊಂದು ಕಂಪ್ಯೂಟರ್, ಸಾಧ್ಯವಾದರೆ ಒಂದು ಹಳೆಯ ಪ್ಲೇಯರಿನಲ್ಲಿ ಕೊನೆಯ ಹತ್ತು ನಿಮಿಷ ಓಡಿಸಿ. ಜನ ಮೊದಲ ಹತ್ತು ನಿಮಿಷ ನೋಡಿ ತೃಪ್ತರಾಗುತ್ತಾರೆ, ಆದರೆ ಕೆಡುವುದು ಕೊನೆಯ ಭಾಗ, ಅಂದರೆ ಡಿಸ್ಕಿನ ಅಂಚು.

ನ್ಯಾಯಾಲಯಕ್ಕೆ ಕೊಡುವ ಡಿಸ್ಕ್ ಆದರೆ ಇನ್ನೊಂದು ಹೆಜ್ಜೆ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದ ನಮೂನೆಯಲ್ಲಿ ಫೈಲಿನ ಹ್ಯಾಷ್ ಮೌಲ್ಯ, ಅಂದರೆ ಫೈಲಿನ ಒಳಗಿನ ಮಾಹಿತಿಯಿಂದ ಲೆಕ್ಕ ಹಾಕಿ ತೆಗೆದ ಬೆರಳಚ್ಚಿನಂತಹ ಅಕ್ಷರ-ಅಂಕಿಗಳ ಸಾಲು, ಬರೆಯುವ ಜಾಗವಿದೆ. ಮೂಲ ಫೈಲಿನ ಹ್ಯಾಷ್ ಮತ್ತು ಡಿಸ್ಕಿನಿಂದ ಮರಳಿ ನಕಲಿಸಿದ ಫೈಲಿನ ಹ್ಯಾಷ್ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಒಂದು ಅಕ್ಷರ ಬೇರೆಯಾದರೂ ಡಿಸ್ಕಿನಲ್ಲಿ ಎಲ್ಲಿಯೋ ತಪ್ಪು ಓದಾಗುತ್ತಿದೆ. ವಕೀಲರ ಹುಡುಗನಿಗೆ ಇದನ್ನು ತೋರಿಸಿದಾಗ ಸರಿಯಾಗಿದ್ದ ಹನ್ನೆರಡನೆಯದರ ಜೊತೆ ಹದಿಮೂರನೆಯದನ್ನೂ ಬರೆಯಿಸಿಕೊಂಡು ಹೋದ.

9. ಡ್ರೈವಿನ ಆಸೆ ಬಿಡುವ ಹೊತ್ತು

ಎರಡು ತಯಾರಕರ ಹೊಸ ಡಿಸ್ಕ್, ಗಟ್ಟಿ ಕರೆಂಟ್, ಹೊಸ ಕೇಬಲ್, ಶುಚಿಯಾದ ಲೆನ್ಸ್, 4 ಎಕ್ಸ್ ವೇಗ. ಇಷ್ಟಾದ ಮೇಲೂ ಕೆಡುತ್ತಿದ್ದರೆ ಲೇಸರ್ ಸೊರಗಿದೆ. ಅದಕ್ಕೆ ರಿಪೇರಿ ಇಲ್ಲ, ಇದ್ದರೂ ಹೊಸ ಡ್ರೈವಿಗಿಂತ ದುಬಾರಿ. ಫರ್ಮ್‌ವೇರ್ ಅಪ್‌ಡೇಟ್ (ಡ್ರೈವಿನ ಒಳಗೇ ಇರುವ ಸಾಫ್ಟ್‌ವೇರ್ ಹೊಸದಾಗಿಸುವುದು) ಮಾಡಿದರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ, ಹೊಸ ಬಗೆಯ ಡಿಸ್ಕನ್ನು ಡ್ರೈವ್ ಗುರುತಿಸದಿರುವಾಗ ಮಾತ್ರ ಆ ಮಾತಿಗೆ ಅರ್ಥವಿದೆ. ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಡ್ರೈವ್ ಅಲ್ಲಿಗೇ ಕಲ್ಲಾಗುತ್ತದೆ.

ಟ್ರೇ ತೆರೆಯದೆ ಡಿಸ್ಕ್ ಒಳಗೇ ಸಿಕ್ಕಿಕೊಂಡರೆ ಚಾಕು ಹಾಕಿ ಎಬ್ಬಬೇಡಿ. ಕಂಪ್ಯೂಟರ್ ಆರಿಸಿ, ಡ್ರೈವಿನ ಮುಖದಲ್ಲಿರುವ ಸೂಜಿಯಷ್ಟು ಸಣ್ಣ ತೂತಿಗೆ ನೆಟ್ಟಗೆ ಮಾಡಿದ ಪೇಪರ್ ಕ್ಲಿಪ್ ತೂರಿಸಿ ಮೆಲ್ಲಗೆ ಒತ್ತಿ. ಟ್ರೇ ಒಂದು ಬೆರಳಷ್ಟು ಹೊರಗೆ ಬರುತ್ತದೆ.

10. ಬರೆದಾದ ಮೇಲೆ

ಡಿಸ್ಕಿನ ಮೇಲೆ ಕಾಗದದ ಸ್ಟಿಕರ್ ಅಂಟಿಸಬೇಡಿ. ಒಂದು ಕೂದಲೆಳೆಯಷ್ಟು ಓರೆಯಾಗಿ ಅಂಟಿದರೂ ತಿರುಗುವಾಗ ಡಿಸ್ಕ್ ಓಲಾಡುತ್ತದೆ, ಶಾಖಕ್ಕೆ ಕಾಗದ ಮುದುಡಿದರೆ ಡಿಸ್ಕೂ ಬಾಗುತ್ತದೆ. ಚೆನ್ನಾಗಿ ಬರೆದ ಡಿಸ್ಕುಗಳೂ ಸ್ಟಿಕರಿನಿಂದ ಕೆಟ್ಟದ್ದನ್ನು ನೋಡಿದ್ದೇನೆ, ಅದರ ಮೇಲೆ ವಧೂವರರ ಫೋಟೊ ಎಷ್ಟೇ ಚೆನ್ನಾಗಿದ್ದರೂ. ಮೃದು ತುದಿಯ ಡಿಸ್ಕ್ ಮಾರ್ಕರಿನಿಂದ ನಡುವಿನ ಪಾರದರ್ಶಕ ಬಳೆಯ ಹತ್ತಿರ ಹೆಸರು, ತಾರೀಖು, ಡಿಸ್ಕ್ ಸಂಖ್ಯೆ ಬರೆಯಿರಿ. ಬಾಲ್‌ಪೆನ್ ಬೇಡ.

ಡಬ್ಬಿಯನ್ನು ನಿಲ್ಲಿಸಿ ಇಡಿ, ಕಬ್ಬಿಣದ ಅಲ್ಮಾರಿಯ ಬಿಸಿಲು ಬೀಳದ ಅರೆಯಲ್ಲಿ. ಮಹತ್ವದ್ದಾದರೆ ಎರಡನೆಯ ಪ್ರತಿಯನ್ನು ಬೇರೆ ಸಂಕೇತದ ಡಿಸ್ಕಿನಲ್ಲಿ ಮಾಡಿ ಬೇರೆ ಮನೆಯಲ್ಲಿ ಇಡಿ. ಐಎಸ್ಒ ಫೈಲನ್ನು ಅಳಿಸಬೇಡಿ. ಮುಂದಿನ ಬೇಸಿಗೆಯಲ್ಲಿ ಕಾಕಾ ಫೋನ್ ಮಾಡಿ "ಡಿಸ್ಕ್ ಮೊಮ್ಮಗ ತುಳಿದ" ಎನ್ನುತ್ತಾರೆ.